ಒಳಗೆ ಹೋಗಬಹುದಾ?



ನೇಪಾಳದಲ್ಲಿ ಆಗ ವಾರದ ರಜೆ ಇದ್ದದ್ದು ಭಾನುವಾರವಲ್ಲ, ಶನಿವಾರ. 2015ರ ಏಪ್ರಿಲ್ 25 ಅಂಥದ್ದೇ ಒಂದು ಶನಿವಾರ. ಮಧ್ಯಾಹ್ನ ಹನ್ನೆರಡು ಗಂಟೆಗೆ ಇನ್ನು ನಾಲ್ಕೇ ನಿಮಿಷ ಇತ್ತು. 7.8 ತೀವ್ರತೆಯ ಭೂಕಂಪ! ಸುಮಾರು ಒಂಬತ್ತು ಸಾವಿರ ಜನ ಸತ್ತರು. ಸಾವಿರಾರು ಶಾಲಾ ಕೊಠಡಿಗಳೂ ಬಿದ್ದುಹೋದವು. ಆದರೆ ಆ ಹೊತ್ತಿನಲ್ಲಿ ತರಗತಿಗಳಲ್ಲಿ ಮಕ್ಕಳಿರಲಿಲ್ಲ. ರಜೆಯಿತ್ತಲ್ಲ!

ನೆಲ ನಿಂತಿತು. ಆದರೆ ಮನೆ ನಿಂತವರಿಗೂ ನೆಮ್ಮದಿ ಇರಲಿಲ್ಲ. ನೆಲ ಮತ್ತೆ ಮತ್ತೆ ಅದುರುತ್ತಿತ್ತು. ಎಲ್ಲರೂ ಬಯಲಲ್ಲಿ, ಟಾರ್ಪಾಲಿನ ಕೆಳಗೆ ಮಲಗಿದರು. ಅಕ್ಕಿ ಒಳಗಿದೆ, ಅಜ್ಜಿಯ ಔಷಧಿ ಒಳಗಿದೆ, ಹೊದಿಕೆಯೂ ಒಳಗೇ ಇದೆ. ಗೋಡೆಯಲ್ಲಿ ಮಾತ್ರ ಬಿರುಕು. ಒಳಗೆ ಹೋಗಬಹುದಾ?

ಇದಕ್ಕೆ ಉತ್ತರ ಹೇಳಲು ನೇಪಾಳದ ಎಂಜಿನಿಯರುಗಳ ಸಂಘ ತನ್ನ ಸದಸ್ಯರನ್ನು ಕರೆಯಿತು. ಅವರೂ ಅದೇ ನೆಲದವರು. ಅವರ ಮನೆಗಳೂ ನಡುಗಿದ್ದವು. ಆದರೂ ತಂಡ ಕಟ್ಟಿಕೊಂಡು ಬೀದಿ ಬೀದಿ ತಿರುಗಿದರು.

ಬಿರುಕುಗಳೆಲ್ಲ ಒಂದೇ ಅಲ್ಲ. ಕಾಂಕ್ರೀಟ್ ಕಂಬಗಳ ಮನೆಯಲ್ಲಿ ಭಾರ ಹೊರುವುದು ಕಂಬ ಮತ್ತು ತೊಲೆ. ನಡುವಿನ ಇಟ್ಟಿಗೆ ಗೋಡೆ ಬಿರಿದರೆ ನೋಡಲು ಭಯವಾಗುತ್ತದೆ. ಕಂಬ, ತೊಲೆ ಗಟ್ಟಿಯಾಗಿದ್ದರೆ ಅಂಥ ಗೋಡೆಯನ್ನು ರಿಪೇರಿ ಮಾಡಬಹುದು. ಕಲ್ಲು ಮಣ್ಣಿನ ಮನೆಯ ಲೆಕ್ಕವೇ ಬೇರೆ. ಅಲ್ಲಿ ಗೋಡೆಯೇ ಭಾರ ಹೊರುತ್ತದೆ. ಅದು ಉಬ್ಬಿದ್ದರೆ, ಮೂಲೆಯಲ್ಲಿ ಎರಡು ಗೋಡೆ ಬಿಟ್ಟುಕೊಂಡಿದ್ದರೆ ಒಳಗೆ ಕಾಲಿಡಬಾರದು. ಹಳ್ಳಿಗಳಲ್ಲಿ ಹೆಚ್ಚು ಬಿದ್ದದ್ದು ಇಂಥ ಮನೆಗಳೇ.

ಪರೀಕ್ಷೆ ಮುಗಿದ ಮೇಲೆ ಬಣ್ಣದ ಗುರುತು. ಹಸಿರು ಎಂದರೆ ಇರಬಹುದು, ಕೆಂಪು ಎಂದರೆ ಬೇಡ, ಹಳದಿ ಎಂದರೆ ಎಚ್ಚರ. ನಾನಾಗಿದ್ದರೆ ಬಹುಶಃ ಎಲ್ಲ ಮನೆಗೂ ಹಳದಿಯನ್ನೇ ಹಾಕಿ ತಪ್ಪಿಸಿಕೊಳ್ಳುತ್ತಿದ್ದೆ! ಆದರೆ ಗಟ್ಟಿ ಮನೆಗೆ ಸುಮ್ಮನೆ ಹಳದಿ ಹಾಕಿದರೆ ಮಗುವಿರುವ ಕುಟುಂಬ ಇನ್ನೂ ಎಷ್ಟೋ ದಿನ ಮಳೆಯಲ್ಲಿ ನೆನೆಯಬೇಕು. ಹಾಳು ಮನೆಗೆ ಹಸಿರು ಹಾಕಿದರೆ? ಅದನ್ನು ಹೇಳುವುದೇ ಬೇಡ. ಜೀವಮಾನವೆಲ್ಲ ದುಡಿದು ಕಟ್ಟಿದ ಮನೆಯ ಮುಂದೆ ನಿಂತ ಯಜಮಾನನಿಗೆ "ಕೆಂಪು" ಎನ್ನುವುದೂ ಸುಲಭದ ಕೆಲಸವಲ್ಲ.

ಇಷ್ಟೆಲ್ಲ ನಡೆಯುತ್ತಿರುವಾಗಲೇ ಮೇ 12ರಂದು ಮತ್ತೊಂದು ಭೂಕಂಪ. ಈ ಸಲ 7.3. ಮೊದಲು ನೋಡಿದ ಮನೆಗಳನ್ನು ಮತ್ತೆ ನೋಡಬೇಕಾಯಿತು. ನಿನ್ನೆಯ ಹಸಿರು ಇವತ್ತೂ ಹಸಿರಾಗಿಯೇ ಇರುತ್ತದೆ ಎಂದು ಹೇಳುವವರು ಯಾರು?

ಶಾಲೆಗಳು ತೆರೆದದ್ದು ಮೇ 31ಕ್ಕೆ. ಎಷ್ಟೋ ಕಡೆ ಬಿದಿರು ಮತ್ತು ಟಾರ್ಪಾಲಿನ ಕೊಠಡಿಗಳು. ಮೊದಮೊದಲು ಪಾಠಕ್ಕಿಂತ ಹಾಡು, ಆಟ, ಚಿತ್ರ ಬಿಡಿಸುವುದೇ ಹೆಚ್ಚಾಗಿತ್ತಂತೆ.

ನಿಮ್ಮ ಮನೆಯ ಭಾರ ಹೊತ್ತಿರುವುದು ಗೋಡೆಯೋ, ಕಂಬವೋ? ಅಪ್ಪ, ಅಮ್ಮ, ತಾತನನ್ನು ಕೇಳಿ, ಒಂದು ಚಿತ್ರ ಬರೆದು ಕಳಿಸಿ.