ನೀರಿಗೆ ಸಾಕ್ಷಿ ನುಡಿಯುವ ರೆಕ್ಕೆಗಳು

ಮಳೆ ಹೊಳವು ಕೊಟ್ಟ ಶರದೃತುವಿನ ದಿನಗಳಲ್ಲಿ ಅರಕಲಗೂಡಿನ ಗದ್ದೆಬಯಲಿನಿಂದ ಚನ್ನರಾಯಪಟ್ಟಣದ ಕೆರೆ ಏರಿಗಳವರೆಗೆ ಏರೋಪ್ಲೇನ್ ಚಿಟ್ಟೆಗಳು ಹಿಂಡುಹಿಂಡಾಗಿ ಹಾರಾಡುವುದನ್ನು ನಾವೆಲ್ಲರೂ ಬಲ್ಲೆವು. ಹೀಗೆ ಹಿಂಡುಗಟ್ಟುವವುಗಳಲ್ಲಿ ಹೊಂಬಣ್ಣದ 'ಪಾಂಟಾಲ' ಎಂಬ ಅಲೆಮಾರಿ ಪ್ರಭೇದ ಮುಖ್ಯವಾದುದು. ಇವು ಭಾರತದಿಂದ ಹೊರಟು, ಗಾಳಿಯ ಬೆನ್ನೇರಿ, ಮಾಲ್ಡೀವ್ಸ್ ಮಾರ್ಗವಾಗಿ ಪೂರ್ವ ಆಫ್ರಿಕಾದವರೆಗೆ ಸಾಗುತ್ತವೆ ಎಂಬ ವಿಚಾರವನ್ನು ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಮಂಡಿಸಿದರು. ಮಳೆನೀರು ನಿಂತ ಸಣ್ಣ ಹೊಂಡವೂ ಇಂಥ ಮಹಾಯಾನದ ತವರಾಗಬಲ್ಲದು.

ಆದರೆ ಈ ಬಳಗದ ಹೆಚ್ಚಿನ ಜೀವಿಗಳು ಸಾಗರ ದಾಟುವುದಿಲ್ಲ. ಹುಟ್ಟಿದ ಹಳ್ಳಕೊಳ್ಳಗಳ ಆಸುಪಾಸಿನಲ್ಲಿಯೇ ಬದುಕಿ ಮುಗಿಯುತ್ತವೆ. ರೆಕ್ಕೆಯ ಬಾಳು ಕೆಲವೇ ವಾರಗಳದು. ಅದಕ್ಕೆ ಮೊದಲಿನ ಮರಿಯ ಬಾಳೆಲ್ಲ ನೀರಿನೊಳಗೆ; ಸೊಳ್ಳೆಯ ಮರಿಗಳೂ ಅದಕ್ಕೆ ಆಹಾರ. ಆದ್ದರಿಂದ ನೀರಿನ ಆರೋಗ್ಯವನ್ನು ಇವು ತಮ್ಮ ಇರವಿನಿಂದಲೇ ಸಾರುತ್ತವೆ. ಮಲೆನಾಡಿನ ನೆರಳಿನ ಹಳ್ಳಗಳಲ್ಲಿ ಹಸಿರು ಲೋಹದಂತೆ ಮಿನುಗುವ ಸಪೂರ ದೇಹದ 'ವೆಸ್ಟಾಲಿಸ್' ನೆಲೆಸಿರುತ್ತದೆ. ಊರಿನ ಕೊಳಚೆ ಸೇರಿದ ನೀರಿನಲ್ಲಿಯೂ ಕಿತ್ತಳೆ ಬಣ್ಣದ 'ಬ್ರಾಕಿಥೆಮಿಸ್' ಬಾಳಬಲ್ಲದು. ಮೊದಲನೆಯದು ಕಣ್ಮರೆಯಾಗಿ ಎರಡನೆಯದೊಂದೇ ಉಳಿದರೆ, ಆ ನೀರಿಗೆ ಏನಾಯಿತೆಂದು ಕೇಳಬೇಕಾದವರು ನಾವು.

ಬ್ರಿಟಿಷರ ಕಾಲದ ಸೈನ್ಯ ವೈದ್ಯ ಫ್ರೇಸರ್ 1933ರಿಂದ 1936ರ ಅವಧಿಯಲ್ಲಿ ಈ ಕೀಟಗಳ ಕುರಿತು ಮೂರು ಸಂಪುಟಗಳನ್ನು ಪ್ರಕಟಿಸಿದರು. ಕೆ. ಎ. ಸುಬ್ರಮಣಿಯನ್ ಅವರ ಕೈಪಿಡಿ 2005ರಲ್ಲಿ ಬಂದಿತು. ಪ್ರಭೇದದ ಗುರುತನ್ನು ಪುಸ್ತಕ ಹೇಳೀತು. ನಮ್ಮೂರ ಕಟ್ಟೆಯಲ್ಲಿ ಈ ವರ್ಷ ಯಾವುದಿತ್ತು, ಯಾವುದಿಲ್ಲವಾಯಿತು ಎಂಬುದನ್ನು ನಾವೇ ದಾಖಲಿಸಬೇಕು.

ವಿದ್ಯಾರ್ಥಿಗಳಿಗೆ ಇದು ಕಷ್ಟದ ಕೆಲಸವಲ್ಲ. ಹಾಸನದ ಅಂಚಿನ ಗೆಂಡೆಕಟ್ಟೆ ಅರಣ್ಯದಲ್ಲಾಗಲಿ, ಹೊಳೆನರಸೀಪುರದ ಹೇಮಾವತಿ ದಂಡೆಯಲ್ಲಾಗಲಿ, ರಾಮನಾಥಪುರದ ಕಾವೇರಿ ತಟದಲ್ಲಾಗಲಿ, ಬೆಳಗಿನ ಇಬ್ಬನಿ ಆರುವ ಮುನ್ನ ಹೋಗಿರಿ. ಮೈ ಬೆಚ್ಚಗಾಗುವವರೆಗೆ ಅವು ಹುಲ್ಲುಕಡ್ಡಿ ಬಿಟ್ಟು ಏಳುವುದಿಲ್ಲ. ನಿಮ್ಮ ನೆರಳು ಅವುಗಳ ಮೇಲೆ ಬೀಳದಂತೆ, ಬಾಗಿ, ನಿಧಾನವಾಗಿ ಸಮೀಪಿಸಿರಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯಿರಿ. ಬಾಲದ ತುದಿ ಸ್ಪಷ್ಟವಾಗಿರಲಿ, ಗುರುತಿಗೆ ಅದು ಬಹಳ ಮುಖ್ಯ. ಇದಕ್ಕೆ ಮೊಬೈಲ್ ಕ್ಯಾಮೆರಾ ಸಾಕು. ದಿನಾಂಕ, ಸ್ಥಳ, ನೀರಿನ ಸ್ಥಿತಿಯನ್ನು ಬರೆದಿಡಿರಿ. ಹಿಡಿದು ಬಾಲಕ್ಕೆ ದಾರ ಕಟ್ಟುವ ಹಳೆಯ ಆಟ ಇನ್ನು ಸಾಕು. ಆಗತಾನೆ ಪೊರೆ ಕಳಚಿದ ಮೆದು ರೆಕ್ಕೆಯ ಜೀವವನ್ನಂತೂ ಮುಟ್ಟಲೇಬಾರದು.

ಗ್ರಾಮಸ್ಥರಲ್ಲಿಯೂ ಒಂದು ವಿನಂತಿಯಿದೆ. ಕೆರೆಯ ಹೂಳೆತ್ತುವುದು ಅಗತ್ಯವೇ. ಆದರೆ ಅಭಿವೃದ್ಧಿಯ ಹೆಸರಿನಲ್ಲಿ ಸುತ್ತಲೂ ಕಲ್ಲು ಕಟ್ಟಿ, ಅಂಚಿನ ಜೊಂಡು, ಹುಲ್ಲು, ಮರಗಳನ್ನೆಲ್ಲ ಸವರಿದರೆ ಮರಿಗಳು ನೀರಿನಿಂದ ಮೇಲೇರಲು ಒಂದು ಕಡ್ಡಿಯ ಆಸರೆಯೂ ಉಳಿಯುವುದಿಲ್ಲ. ಒಂದು ಬದಿಯ ಜೌಗನ್ನಾದರೂ ಹಾಗೆಯೇ ಬಿಡೋಣ. ಮುಂದಿನ ಗ್ರಾಮಸಭೆಯಲ್ಲಿ ಕೆರೆ ಕಾಮಗಾರಿಯ ಮಾತು ಬಂದಾಗ ಮಕ್ಕಳು ತೆಗೆದ ಚಿತ್ರಗಳನ್ನೂ ಮೇಜಿನ ಮೇಲಿಡೋಣ. ನಮ್ಮ ನೀರಿನ ಪರವಾಗಿ ಅವು ಸಾಕ್ಷಿ ನುಡಿಯಲಿ.