ಚೀಲದೊಳಗೆ ಕುಳಿತು ಬಂದ ಅತಿಥಿ



ಈ ತಿಂಗಳು ಒಂದು ಹುಳದ ವಿಷಯ ಬರೆಯುತ್ತಿದ್ದೇವೆ. ನಮ್ಮ ಪತ್ರಿಕೆಯಲ್ಲಿ ಹುಳದ ಮಾತಿಗೇನು ಕೆಲಸ ಎಂದು ಕೆಲವರು ಕೇಳಬಹುದು. ವಯನಾಡು, ಗೂಡಲೂರು ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ಮಗಳ ಮದುವೆಗೂ, ಮಗನ ಓದಿಗೂ, ಬಸದಿಯ ವಂತಿಗೆಗೂ ಹಣ ಬರುವುದು ಕಾಫಿ ಮತ್ತು ಮೆಣಸಿನಿಂದ. ಕಾಫಿಗೆ ಬಂದ ಕೇಡು ಮನೆಗೇ ಬಂದ ಹಾಗೆ. ಅಲ್ಲದೆ ಔಷಧಿ ಹೊಡೆಯುವ ಕಾಲ ಬಂದಾಗಲೆಲ್ಲ ನಮ್ಮವರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಜೀವ ಕೊಲ್ಲುವುದೋ, ತೋಟ ಬಿಡುವುದೋ? ಅಜ್ಜಿ ಒಂದು ಹೇಳುತ್ತಾರೆ, ಮೊಮ್ಮಗ ಇನ್ನೊಂದು ಹೇಳುತ್ತಾನೆ. ಅಂಗಡಿಗೆ ಬರುವವರು ಈ ಮಾತನ್ನು ನಮ್ಮ ಮುಂದೆಯೂ ಇಡುತ್ತಾರೆ. ಅದಕ್ಕಾಗಿ ಈ ಬರಹ.

ನಾವು ಹೇಳುವ ಹುಳ ಕಾಫಿ ಕಾಯಿಕೊರಕ. ತೋಟದವರು ಬೆರಿ ಬೋರರ್ ಎನ್ನುತ್ತಾರೆ. ಎಳ್ಳು ಕಾಳಿಗಿಂತಲೂ ಚಿಕ್ಕದು, ಒಂದೂವರೆ ಮಿಲಿಮೀಟರಿನ ಆಸುಪಾಸು, ಕಪ್ಪು ಬಣ್ಣ. ಇದರ ತವರು ಆಫ್ರಿಕಾ ಖಂಡ. ವಿಜ್ಞಾನಿಗಳು ಇದನ್ನು ಮೊದಲು ಗುರುತಿಸಿ ಹೆಸರಿಟ್ಟದ್ದು 1867ರಲ್ಲಿ. ಅದೂ ತೋಟದಲ್ಲಿ ಕಂಡಲ್ಲ, ವ್ಯಾಪಾರಕ್ಕೆ ಬಂದ ಕಾಫಿ ಬೀಜದೊಳಗೆ ಕಂಡು! ಅಂದರೆ ಈ ಹುಳದ ಚರಿತ್ರೆ ಆರಂಭವಾಗುವುದೇ ವ್ಯಾಪಾರಿಯ ಚೀಲದಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾವಾ ದ್ವೀಪ ಸೇರಿತು, ಬ್ರೆಜಿಲ್ ಸೇರಿತು. ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿ ಜಿಲ್ಲೆಯ ಗೂಡಲೂರಿನಲ್ಲಿ. ಅಲ್ಲಿಂದ ವಯನಾಡಿಗೂ ಕೊಡಗಿಗೂ ಹರಡಿತು. 2010ರಲ್ಲಿ ದೂರದ ಹವಾಯಿ ದ್ವೀಪದಲ್ಲೂ ಕಾಣಿಸಿಕೊಂಡಿತು. ನಡುವೆ ಅಷ್ಟು ದೊಡ್ಡ ಸಮುದ್ರ. ಈ ಸಣ್ಣ ಜೀವ ತನ್ನ ರೆಕ್ಕೆಯಿಂದ ಅದನ್ನು ದಾಟುವಂತಿಲ್ಲ. ದಾಟಿಸಿದವರು ಮನುಷ್ಯರೇ.

ಇದು ಮಾಡುವ ಕೆಲಸ ಹೀಗೆ. ಹೆಣ್ಣು ಹುಳ ಕಾಯಿಯ ತುದಿಯಲ್ಲಿ, ಹೂ ಉದುರಿದ ಗುರುತಿನ ಬಳಿ, ಸೂಜಿಯಿಂದ ಚುಚ್ಚಿದಷ್ಟು ತೂತು ಕೊರೆದು ಒಳಗೆ ಹೋಗುತ್ತದೆ. ಬೀಜದಲ್ಲೇ ಮೊಟ್ಟೆ ಇಡುತ್ತದೆ. ಮರಿಗಳು ಬೀಜವನ್ನೇ ತಿಂದು ಬೆಳೆಯುತ್ತವೆ. ಸುಮಾರು ಒಂದು ತಿಂಗಳಿಗೆ ಹೊಸ ತಲೆಮಾರು ಸಿದ್ಧ. ಗಂಡು ಹುಳ ಹಾರಲಾರದು, ಕಾಯಿಯೊಳಗೇ ಹುಟ್ಟಿ ಅಲ್ಲೇ ಸಾಯುತ್ತದೆ. ಗಂಡು ಒಂದಿದ್ದರೆ ಹೆಣ್ಣು ಸುಮಾರು ಹತ್ತು. ಆ ಹೆಣ್ಣುಗಳು ಒಳಗೇ ಗರ್ಭ ಧರಿಸಿ ಹೊರಬಂದು ಬೇರೆ ಕಾಯಿ ಹುಡುಕುತ್ತವೆ. ಕಾಫಿಯಲ್ಲಿರುವ ಕೆಫೀನ್ ಇತರ ಕೀಟಗಳಿಗೆ ವಿಷ. ಈ ಹುಳದ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳು ಆ ವಿಷವನ್ನು ಕರಗಿಸಿಕೊಡುತ್ತವೆ ಎಂದು 2015ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಹೀಗಾಗಿ ಬೇರೆಯವರು ಮುಟ್ಟದ ಬೀಜ ಇದಕ್ಕೆ ಊಟವೂ ಹೌದು, ಮನೆಯೂ ಹೌದು.

ತೂತು ಬಿದ್ದ ಬೀಜದ ಗತಿಯನ್ನು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೂಕ ಕಡಿಮೆ, ಔಟ್‌ಟರ್ನ್ ಕಡಿಮೆ, ರುಚಿ ಕೆಟ್ಟಿತು, ದರ ಇಳಿಯಿತು. ಬೆಳೆಗಾರ ವರ್ಷವಿಡೀ ದುಡಿದು ತಂದ ಚೀಲವನ್ನು ಬಿಚ್ಚಿ ಒಂದು ಹಿಡಿ ಬೀಜ ಅಂಗೈಗೆ ಹಾಕಿಕೊಂಡು, ಅವನ ಮುಖ ನೋಡದೆ ದರ ಹೇಳುವ ಸಂಕಟ ನಮ್ಮ ಕಸುಬಿನವರಿಗೆಲ್ಲ ಗೊತ್ತು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಹಿಂಸೆಯಲ್ಲಿ ನಾಲ್ಕು ಬಗೆ ಎಂದು ನಮ್ಮ ಹಿರಿಯರು ಹೇಳಿದ್ದಾರೆ: ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ. ಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆ ಶ್ರಾವಕನಿಗೂ ಕೂಡದು. ಬೇಸಾಯ, ವ್ಯಾಪಾರ ಮಾಡುವ ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಪೂರ್ತಿ ತಪ್ಪುವುದಿಲ್ಲ. ಆದರೆ ಯತ್ನಾಚಾರದಿಂದ, ಎಚ್ಚರದಿಂದ ಅದನ್ನು ಕಡಿಮೆ ಮಾಡಬೇಕು. ಇದರ ಸೂಕ್ಷ್ಮವನ್ನು ತ್ಯಾಗಿಗಳಿಂದ ಕೇಳಿ ತಿಳಿಯಬೇಕು. ನಾವು ಮೆಟ್ರಿಕ್ ಓದಿದ ವ್ಯಾಪಾರಿಗಳು. ನಮಗೆ ಬರುವುದು ಲೆಕ್ಕ. ಆ ಲೆಕ್ಕವನ್ನಷ್ಟೇ ಮುಂದಿಡುತ್ತೇವೆ.

ಕೊಯ್ಲು ಮುಗಿದ ಮೇಲೆ ಗಿಡದಲ್ಲೋ ನೆಲದಲ್ಲೋ ಹುಳವಿರುವ ಒಂದೇ ಒಂದು ಕಾಯಿ ಉಳಿಯಿತು ಎನ್ನಿ. ಅದರಿಂದ ಇಪ್ಪತ್ತು ಹೆಣ್ಣು ಹುಳ ಹೊರಬಂದವು ಎಂದು ಹಿಡಿಯೋಣ. ಅವು ಇಪ್ಪತ್ತು ಕಾಯಿ ಹೊಕ್ಕು ತಲಾ ಇಪ್ಪತ್ತರಂತೆ ಹೆಚ್ಚಿದರೆ ನಾನೂರು. ಇನ್ನೊಂದು ತಲೆಮಾರಿಗೆ ಎಂಟು ಸಾವಿರ. ಎಲ್ಲವೂ ಬದುಕುವುದಿಲ್ಲ, ನಿಜ. ಅರ್ಧ ಕಳೆದರೂ ಲೆಕ್ಕ ಸಣ್ಣದಲ್ಲ. ಒಂದು ಕಾಯಿಯನ್ನು ಹೆಕ್ಕದೆ ಬಿಟ್ಟವನು ಮುಂದೆ ಸಾವಿರ ಜೀವಗಳ ಮೇಲೆ ವಿಷ ಸುರಿಯಬೇಕಾಗುತ್ತದೆ. ಹಾಗಾದರೆ ಕರುಣೆ ಎಲ್ಲಿದೆ? ಬಿಟ್ಟುಬಿಡುವುದರಲ್ಲೋ, ಮೊದಲೇ ಹೆಕ್ಕುವುದರಲ್ಲೋ? ಕೈಕಟ್ಟಿ ಕೂರುವುದನ್ನು ಅಹಿಂಸೆ ಎಂದು ಕರೆದರೆ ಅದು ಸೋಮಾರಿತನಕ್ಕೆ ಒಳ್ಳೆಯ ಹೆಸರು ಇಟ್ಟ ಹಾಗಾಯಿತು.

ಸಂತೋಷದ ಸಂಗತಿ ಎಂದರೆ ಕಾಫಿ ಬೋರ್ಡಿನವರು ಮೊದಲಿನಿಂದ ಹೇಳುತ್ತಿರುವ ಉಪಾಯಗಳಲ್ಲಿ ಮುಖ್ಯವಾದದ್ದು ಇದೇ. ಹಣ್ಣಾದದ್ದನ್ನು ಸಕಾಲದಲ್ಲಿ ಕೊಯ್ಯಿರಿ. ಗಿಡದಲ್ಲಿ ಒಂದೂ ಉಳಿಸಬೇಡಿ. ಕೊಯ್ಯುವಾಗ ಗಿಡದ ಕೆಳಗೆ ಚಾಪೆಯನ್ನೋ ಟಾರ್ಪಾಲನ್ನೋ ಹಾಸಿರಿ. ಉದುರಿದ್ದನ್ನು ಹೆಕ್ಕಿರಿ. ಅಕಾಲದಲ್ಲಿ ಬಿಟ್ಟ ಕಾಯಿಗಳನ್ನು ತೆಗೆಯಿರಿ. ಕಣದಲ್ಲಿ ಚೆನ್ನಾಗಿ ಒಣಗಿಸಿರಿ. ಪಾರ್ಚ್‌ಮೆಂಟ್‌ನ ತೇವಾಂಶ ಶೇ. 10ಕ್ಕೆ, ರೊಬಸ್ಟಾ ಚೆರಿಯದು ಶೇ. 11ಕ್ಕೆ ಇಳಿಯಬೇಕು. ಅಷ್ಟು ಒಣಗಿದ ಬೀಜದಲ್ಲಿ ಹುಳ ಸಂತಾನ ಬೆಳೆಸಲಾರದು. ಉಳಿದ ಒಣಕಾಯಿಗಳಲ್ಲಿ ಅಡಗಿದ ಹುಳ ಬೇಸಿಗೆಯ ಮಳೆ ಬಿದ್ದು ತೇವವಾದಾಗ ಹೊರಡುತ್ತದೆ. ಆದ್ದರಿಂದ ಹೆಕ್ಕುವ ಕೆಲಸ ಆ ಮಳೆಗೆ ಮುಂಚೆಯೇ ಮುಗಿಯಬೇಕು.

ಹುಳ ಹಿಡಿದ ಕಾಯಿಯನ್ನು ಎರಡು ಮೂರು ನಿಮಿಷ ಕುದಿನೀರಿನಲ್ಲಿ ಅದ್ದಬೇಕು ಎಂಬ ಸಲಹೆಯೂ ಇದೆ. ಆ ಮಾತಿಗೆ ನಮ್ಮ ಮನೆಯ ಹೆಂಗಸರ ಕೈ ತಡೆಯುತ್ತದೆ. ತಡೆಯುವುದು ಸಹಜ, ಆ ಅಳುಕು ಇರಲಿ. ಅಳುಕು ಇರುವವರೇ ಮುಂದಿನ ವರ್ಷ ಹೆಕ್ಕುವ ಕೆಲಸವನ್ನು ಚೊಕ್ಕವಾಗಿ ಮಾಡಿಸುತ್ತಾರೆ.

ಕೂಲಿ ದುಬಾರಿ, ಆಳು ಸಿಗುವುದಿಲ್ಲ, ಒಂದು ಸಲ ಔಷಧಿ ಹೊಡೆದರೆ ಅಗ್ಗ ಎಂದು ಹೇಳುವವರುಂಟು. ಅವರಿಗೆ ನೆನಪಿಸುವುದು ಒಂದೇ ಹೆಸರು: ಎಂಡೋಸಲ್ಫಾನ್. ಈ ಕೊರಕಕ್ಕೂ ಒಂದು ಕಾಲದಲ್ಲಿ ಅದನ್ನೇ ಹೊಡೆಯಿರಿ ಎಂದು ಶಿಫಾರಸು ಇತ್ತು. ಅದೇ ಔಷಧಿಯನ್ನು ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಸುರಿದರು. ಅಲ್ಲಿನ ಕನ್ನಡ, ತುಳು, ಮಲಯಾಳ ಮನೆಗಳ ಮಕ್ಕಳ ಸ್ಥಿತಿಯನ್ನು ದೇಶವೆಲ್ಲ ನೋಡಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಅಗ್ಗ ಎಂದು ತಂದದ್ದರ ಬೆಲೆಯನ್ನು ಯಾರೋ ಕೊಡುತ್ತಲೇ ಇದ್ದಾರೆ.

ಹೀಗೆ ಬಂದ ಅತಿಥಿ ಕಾಯಿಕೊರಕ ಒಂದೇ ಅಲ್ಲ. 1928ರಲ್ಲಿ ನೀಲಗಿರಿಯ ವಾಟಲ್ ಮರಗಳಿಗೆ ಆಸ್ಟ್ರೇಲಿಯಾ ಮೂಲದ ಬಿಳಿ ಶಲ್ಕ ಕೀಟ ಹತ್ತಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿಯ ಹಿಟ್ಟು ತಿಗಣೆ ಕಂಡಿತು. ಅದು ಮೆಕ್ಸಿಕೋ ಕಡೆಯದು. ಪಪ್ಪಾಯಿಯ ಜೊತೆಗೆ ಮರಗೆಣಸನ್ನೂ ಹಿಪ್ಪುನೇರಳೆಯನ್ನೂ ಹಾಳುಮಾಡಿತು. 2016ರಲ್ಲಿ ತಮಿಳುನಾಡು, ಕೇರಳದ ತೆಂಗಿಗೆ ಸುರುಳಿ ಬಿಳಿನೊಣ ಬಂತು. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಅಮೆರಿಕದ ಸೈನಿಕ ಹುಳು ಸಿಕ್ಕಿತು. ತವರಿನಲ್ಲಿ ಇವನ್ನು ಹದ್ದಿನಲ್ಲಿಡುವ ಬೇರೆ ಜೀವಗಳಿರುತ್ತವೆ. ಹೊಸ ಊರಿಗೆ ಬರುವಾಗ ಹುಳ ಮಾತ್ರ ಬರುತ್ತದೆ, ಅದನ್ನು ತಡೆಯುವ ಜೀವ ಹಿಂದೆಯೇ ಉಳಿಯುತ್ತದೆ. 2010ರಲ್ಲಿ ಅಂಥ ಸಣ್ಣ ಕಣಜಗಳನ್ನು ಹೊರದೇಶದಿಂದ ತರಿಸಿ ಬಿಟ್ಟ ಮೇಲೆ ಪಪ್ಪಾಯಿಯ ಕಾಟ ಬಹಳ ಮಟ್ಟಿಗೆ ಇಳಿಯಿತು. ಕಾಯಿಕೊರಕಕ್ಕೂ ಕಣಜ ತಂದು ಬಿಟ್ಟಿದ್ದಾರೆ. ಆದರೆ ಹುಳ ಬೀಜದೊಳಗೆ ಅಡಗಿರುವುದರಿಂದ ಕಣಜವನ್ನೇ ನಂಬಿ ಕೂರುವ ಹಾಗಿಲ್ಲ.

ಆದ್ದರಿಂದ ಬಾಗಿಲಲ್ಲೇ ತಡೆಯುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕಡಿಮೆ ಹಿಂಸೆ. ಕೀಟಗಳ ಸಾಗಾಟ ತಡೆಯಲು ನಮ್ಮಲ್ಲಿ 1914ರಿಂದಲೇ ಕಾಯಿದೆ ಇದೆ. ಕಾಯಿದೆ ಬಂದರಿನಲ್ಲಿ ನೋಡಬಹುದು, ನಮ್ಮ ಕಾರಿನ ಡಿಕ್ಕಿಯನ್ನು ನೋಡುವವರು ನಾವೇ. ನೆಂಟರ ಮನೆಗೆ ಹೋದಾಗ ಚೆಂದ ಕಂಡ ಗಿಡದ ಕೊಂಬೆಯನ್ನು ಮುರಿದು ತರುವ ಅಭ್ಯಾಸ ನಮ್ಮ ತಾಯಂದಿರಿಗೆ ಪ್ರೀತಿಯದು. ತನ್ನಿ, ಬೇಡವೆನ್ನುವುದಿಲ್ಲ. ಎಲೆಯ ಅಡಿಯಲ್ಲಿ ಬಿಳಿ ಹಿಟ್ಟು ಅಂಟಿದೆಯೇ ಎಂದು ನೋಡಿ ತನ್ನಿ. ವಿದೇಶದಿಂದ ಬರುವ ಮಕ್ಕಳು ಚೀಲದಲ್ಲಿ ಬೀಜ, ಗಿಡ ತುರುಕಿಕೊಂಡು ಬರುವುದು ಬೇಡ.

ವ್ಯಾಪಾರಿ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಒಂದು ತೋಟದಿಂದ ಬಂದ ಖಾಲಿ ಗೋಣಿಚೀಲವನ್ನು ಕೊಡವದೆ, ಹೊಗೆ ಹಾಕಿಸದೆ ಇನ್ನೊಂದು ತೋಟಕ್ಕೆ ಕಳಿಸಬೇಡಿ. ಒದ್ದೆ ಕಾಫಿಯನ್ನು ತೂಕದ ಆಸೆಗೆ ಕೊಂಡು ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಗೋದಾಮಿನ ಮೂಲೆಯಲ್ಲಿ ಬಿದ್ದ ಕಾಳನ್ನು ವಾರಕ್ಕೊಮ್ಮೆ ಗುಡಿಸಿರಿ. ಚೆನ್ನಾಗಿ ಒಣಗಿಸಿ ತಂದ ಬೆಳೆಗಾರನಿಗೆ ಕೆಜಿಗೆ ಎರಡು ರೂಪಾಯಿ ಹೆಚ್ಚು ಕೊಡಿ. ಬುದ್ಧಿಮಾತಿಗಿಂತ ಆ ಎರಡು ರೂಪಾಯಿ ಹೆಚ್ಚು ಕೆಲಸ ಮಾಡುತ್ತದೆ.

ನಾವು ನೀರು ಸೋಸಿ ಕುಡಿಯುವ ಜನ. ಬಟ್ಟೆಯಲ್ಲಿ ಉಳಿದ ಜೀವವನ್ನು ತಂದ ನೀರಿಗೇ ಮರಳಿ ಬಿಡಬೇಕೆಂದು ಹಿರಿಯರು ಕಲಿಸಿದರು. ಯಾವ ಜೀವ ಎಲ್ಲಿಯದೋ ಅದು ಅಲ್ಲೇ ಇರಲಿ ಎಂಬ ವಿವೇಕ ಅದರಲ್ಲಿದೆ. ಅದೇ ವಿವೇಕವನ್ನು ಚೀಲಕ್ಕೂ, ಗಿಡಕ್ಕೂ, ಲಾರಿಗೂ ತೋರಿಸೋಣ. ಈ ವರ್ಷದ ಕೊಯ್ಲು ಮುಗಿದ ಮೇಲೆ ಮನೆಯವರೆಲ್ಲ, ಮಕ್ಕಳನ್ನೂ ಸೇರಿಸಿಕೊಂಡು, ಒಂದು ಭಾನುವಾರ ತೋಟಕ್ಕಿಳಿದು ಉಳಿದ ಕಾಯಿ ಹೆಕ್ಕಿರಿ. ಮಧ್ಯಾಹ್ನದ ಬುತ್ತಿಯನ್ನು ಅಲ್ಲೇ ಮರದ ನೆರಳಿನಲ್ಲಿ ಉಣ್ಣಬಹುದು.