ಉತ್ಸವ ಯಾರದು, ಹುಂಡಿ ಯಾರದು?

ಅಂತರ್ಜಾಲದ ಚಿತ್ರೋತ್ಸವಗಳನ್ನು ಪ್ರಜಾಪ್ರಭುತ್ವದ ಹೊಸ ಬಾಗಿಲೆಂದು ಹೊಗಳುವವರಿದ್ದಾರೆ. 2020ರ ಕೊರೋನಾ ಕಾಲದಲ್ಲಿ ಧರ್ಮಶಾಲಾದ ಉತ್ಸವವನ್ನು ಬೂದಿಕೋಟೆಯಂಥ ಊರಿನಲ್ಲಿ ಕುಳಿತೇ ನೋಡಬಹುದಾಯಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಬಾಗಿಲಲ್ಲಿ ಸುಂಕದವರು ಕುಳಿತಿದ್ದಾರೆ.

ಸ್ವತಂತ್ರವಾಗಿ ಸಾಕ್ಷ್ಯಚಿತ್ರ ಮಾಡುವವರ ಪಾಡು ನೋಡಿ. ಸಾಲ ಮಾಡಿ ಚಿತ್ರ ಮುಗಿಸಿ, ಫಿಲ್ಮ್‌ಫ್ರೀವೇಯಂಥ ಜಾಲತಾಣದ ಮೂಲಕ ಕಳಿಸಬೇಕು. ಅನೇಕ ಉತ್ಸವಗಳ ಶುಲ್ಕ ಡಾಲರಿನಲ್ಲಿ. ಆಯ್ಕೆಯಾಗದಿದ್ದರೂ ಹಣ ವಾಪಸಿಲ್ಲ. ಬಂಗಾರಪೇಟೆ ಮಂಡಿಯ ದಲ್ಲಾಳಿಯೂ ಮಾಲು ಮಾರಿದ ಮೇಲೆ ಕಮಿಷನ್ ಮುರಿಯುತ್ತಾನೆ. ಇವರು ಮಾಲು ನೋಡುವ ಮುನ್ನವೇ ಮುರಿಯುತ್ತಾರೆ! ತಿಂಗಳಿಗೊಮ್ಮೆ ಪ್ರಶಸ್ತಿ ಹಂಚುವ ಕೆಲವು 'ಉತ್ಸವ'ಗಳಿಗೆ ಪರದೆಯೂ ಇಲ್ಲ, ಪ್ರೇಕ್ಷಕರೂ ಇಲ್ಲ. ಅಂಟಿಸಿಕೊಳ್ಳಲು ಒಂದು ಮುದ್ರೆ ಮಾತ್ರ.

ಈ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. ಜಾನ್ ಟೇಲರ್ ಕಂಪೆನಿಯ ಕಾಲದಲ್ಲಿ ಕೂಲಿಕಾರ ಗಣಿಗಿಳಿದ, ಲಾಭ ಲಂಡನ್ನಿಗೆ ಹೋಯಿತು. 2001ರಲ್ಲಿ ಗಣಿ ಮುಚ್ಚಿತು, ಸಯನೈಡ್ ದಿಬ್ಬಗಳು ಉಳಿದವು. ಆ ಧೂಳು ಕುಡಿದವರ ಕಥೆಯನ್ನು ಚಿತ್ರವಾಗಿಸಿದರೆ ಮೊದಲು ನೋಡಬೇಕಾದವರು ಯಾರು? ಚಾಂಪಿಯನ್ ರೀಫ್ಸಿನ ಜನರೋ, ಡಾಲರಿನ ತೀರ್ಪುಗಾರರೋ?

ದಾರಿ ಇಲ್ಲದಿಲ್ಲ. 2004ರಲ್ಲಿ ಮುಂಬಯಿಯ ಸರ್ಕಾರಿ ಉತ್ಸವದ ಸೆನ್ಸಾರ್ ಷರತ್ತಿನ ವಿರುದ್ಧ ಒಗ್ಗೂಡಿದ ಚಿತ್ರಕಾರರು 'ವಿಕಲ್ಪ' ಎಂಬ ತಮ್ಮದೇ ಉತ್ಸವ ನಡೆಸಿದರು. ಅವರಿಗಿದ್ದ ಬಂಡವಾಳ ಒಗ್ಗಟ್ಟೊಂದೇ.

ನಮ್ಮ ಬೇಡಿಕೆ ಸ್ಪಷ್ಟ: ಪಂಚಾಯಿತಿ ಗ್ರಂಥಾಲಯಕ್ಕೊಂದು ಪರದೆ, ಚಿತ್ರಕಾರರಿಗೆ ಪ್ರತಿ ಪ್ರದರ್ಶನಕ್ಕೂ ಸಂಭಾವನೆ. ಸರ್ಕಾರ ಕೊಡುವ ತನಕ ಸಂಗಾತಿಗಳು ಸುಮ್ಮನಿರಬೇಕಿಲ್ಲ. ಬಿಳಿ ಪಂಚೆ ಕಟ್ಟಿಯಾದರೂ ಚಿತ್ರ ತೋರಿಸೋಣ!